ಹೊರಡುವ ಮುನ್ನ ಒಂದು ಸಾಕ್ಷಿ

ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ಅಂಕ ಹಾಕುವವರು ಒಬ್ಬಿಬ್ಬರಲ್ಲ. ಎಂಟು ಸೆಮಿಸ್ಟರು, ಸುಮಾರು 160 ಕ್ರೆಡಿಟ್ಟು. ಒಂದೊಂದು ವಿಷಯಕ್ಕೂ ಆಂತರಿಕ ಪರೀಕ್ಷೆ, ಅಸೈನ್‌ಮೆಂಟು, ಸೆಮಿಸ್ಟರ್ ಕೊನೆಯ ಪರೀಕ್ಷೆ. ಲ್ಯಾಬ್ ರೆಕಾರ್ಡಿಗೆ ಬೇರೆ ಅಂಕ, ವೈವಾಕ್ಕೆ ಬೇರೆ, ಸೆಮಿನಾರಿಗೆ ಬೇರೆ, ಪ್ರಾಜೆಕ್ಟಿಗೆ ಬೇರೆ. ಹೀಗೆ ಅಳೆಸಿಕೊಂಡು ಅಳೆಸಿಕೊಂಡು ಸಾಕಾದವರು ಮನೆಗೆ ಹೊರಡುವ ವಾರದಲ್ಲಿ ಒಮ್ಮೆ ಮಾತ್ರ ತಾವು ಓದಿದ ಕೋರ್ಸನ್ನೇ ಅಳೆಯುತ್ತಾರೆ. ಅದಕ್ಕೆ ಎಕ್ಸಿಟ್ ಸರ್ವೆ ಎನ್ನುತ್ತಾರೆ.

ಅದು ಬರುವ ಹೊತ್ತನ್ನು ನೋಡಿ. ಕೊನೆಯ ಪ್ರಾಜೆಕ್ಟ್ ವೈವಾ ಮುಗಿದಿದೆ. ಕೈಯಲ್ಲಿ ನೋ ಡ್ಯೂಸ್ ಫಾರ್ಮು. ಗ್ರಂಥಾಲಯದ ಸಹಿ ಆಗಿದೆ, ಹಾಸ್ಟೆಲ್ಲಿನದು ಬಾಕಿ, ವರ್ಕ್‌ಶಾಪಿನವರು ಊಟಕ್ಕೆ ಹೋಗಿದ್ದಾರೆ. ಅಷ್ಟರಲ್ಲಿ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಲಿಂಕು ಬೀಳುತ್ತದೆ: ಸಂಜೆ ಐದರೊಳಗೆ ಎಲ್ಲರೂ ತುಂಬಬೇಕು, ತುಂಬದವರಿಗೆ ವಿಭಾಗದ ಸಹಿ ಇಲ್ಲ. ಮೆಟ್ಟಿಲ ಮೇಲೆ ನಿಂತುಕೊಂಡೇ ಹುಡುಗ ಮೊಬೈಲ್ ತೆಗೆಯುತ್ತಾನೆ. ಮೊದಲ ಪ್ರಶ್ನೆಗೆ ಐದಕ್ಕೆ 4, ಎರಡನೆಯದಕ್ಕೆ 4, ಪ್ರಶ್ನೆ ಓದುವುದನ್ನು ಬಿಟ್ಟ ಮೇಲೆ ಕೊನೆತನಕ ಬರೀ 4. ಕಡೆಯಲ್ಲಿ 'ನಿಮ್ಮ ಸಲಹೆಗಳು' ಎಂಬ ಖಾಲಿ ಚೌಕ ಇರುತ್ತದೆ. ಅಲ್ಲಿ 'ನಿಲ್' ಎಂದು ಬರೆಯುತ್ತಾನೆ, ಇಲ್ಲವೇ 'ಗುಡ್'. ಎರಡು ನಿಮಿಷದಲ್ಲಿ ನಾಲ್ಕು ವರ್ಷದ ಹಣೆಬರಹ ಬರೆದಾಯಿತು.

ಬಾಗಲಕೋಟೆ ತಾಲ್ಲೂಕಿನ ಬೇವೂರು, ಆಚೆಯ ಹುನಗುಂದ, ಇಳಕಲ್, ಈಚೆಯ ಬಾದಾಮಿ ಕಡೆಯ ಮನೆಗಳಿಗೆ ಆ ಎರಡು ನಿಮಿಷ ಸಣ್ಣದಲ್ಲ. ಎರೆಹೊಲದ ಜೋಳ, ಕಡಲೆ ಮಾರಿದ ದುಡ್ಡಿನಲ್ಲೋ, ಇಳಕಲ್ಲಿನ ಮಗ್ಗದ ದುಡಿಮೆಯಲ್ಲೋ, ಗ್ರಾನೈಟ್ ಕ್ವಾರಿಯ ಪಗಾರದಲ್ಲೋ ಮಗನನ್ನು, ಈಗೀಗ ಮಗಳನ್ನೂ ಎಂಜಿನಿಯರಿಂಗ್ ಓದಿಸುವ ಮನೆಗಳಿವು. ಮನೆತನದಲ್ಲೇ ಮೊದಲ ಎಂಜಿನಿಯರ್ ಎಂಬ ಮಾತು ಇಲ್ಲಿ ಇನ್ನೂ ಕೇಳಿಬರುತ್ತದೆ. ಕಾಲೇಜು ಹೇಗಿದೆ ಎಂದು ತಿಳಿಯಲು ಇವರಿಗಿರುವ ದಾರಿ ಎರಡು: ಗ್ರೇಡು ಬರೆದ ಫ್ಲೆಕ್ಸು, ಮತ್ತು ಅಲ್ಲಿ ಓದಿ ಬಂದ ಪಕ್ಕದ ಓಣಿಯ ಹುಡುಗ. ಜನ ಫ್ಲೆಕ್ಸಿಗಿಂತ ಹುಡುಗನನ್ನೇ ನಂಬುತ್ತಾರೆ, ಸರಿಯಾಗಿಯೇ ನಂಬುತ್ತಾರೆ ಅನ್ನಿ. ತೊಡಕೇನೆಂದರೆ, ಆ ಹುಡುಗ ಚಹಾದಂಗಡಿಯಲ್ಲಿ ಹೇಳುವ ಮಾತಿಗೂ ಫಾರ್ಮಿನಲ್ಲಿ ಒತ್ತಿದ ನಾಲ್ಕಕ್ಕೂ ಸಂಬಂಧವೇ ಇರುವುದಿಲ್ಲ.

ಈ ಸೀಮೆಯಲ್ಲಿ ಎಂಜಿನಿಯರಿಂಗ್ ಎಂದರೆ ಮೊದಲು ನೆನಪಾಗುವುದು ಬಾಗಲಕೋಟೆ ವಿದ್ಯಾಗಿರಿಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಅದನ್ನು 1963ರಲ್ಲಿ ತೆರೆಯಿತು. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು ಊರು. ಅದು ಜಿಲ್ಲೆಯಾದದ್ದು 1997ರಲ್ಲಿ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬಂದದ್ದು 1998ರಲ್ಲಿ. ಕಾಲೇಜು ತನ್ನ ಜಿಲ್ಲೆಗಿಂತಲೂ ಹಿರಿದು, ತನ್ನ ವಿಶ್ವವಿದ್ಯಾಲಯಕ್ಕಿಂತಲೂ ಹಿರಿದು. ಈಗ ಅದು ಸ್ವಾಯತ್ತ. ಮುಧೋಳದ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ಸಂಸ್ಥೆಯಂಥವು ಆಮೇಲೆ ಬಂದವು. ಮುಂದೆ ಬರೆಯುವುದು ಇವುಗಳಲ್ಲಿ ಯಾವುದೇ ಒಂದರ ಮೇಲಿನ ದೂರಲ್ಲ. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಎಂಜಿನಿಯರಿಂಗ್ ಕಾಲೇಜುಗಳಿವೆ. ಎಕ್ಸಿಟ್ ಸರ್ವೆಯ ಹಾಡು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ.

ಸರ್ವೆ ಯಾರಿಗಾಗಿ?

ವಿದ್ಯಾರ್ಥಿಯ ಮಾತು ಕೇಳೋಣ ಎಂಬ ಅಕ್ಕರೆಯಿಂದ ಈ ಸರ್ವೆ ನಮ್ಮ ಕಾಲೇಜುಗಳಿಗೆ ಬಂದದ್ದಲ್ಲ, ಮಾನ್ಯತೆಯ ಬಾಗಿಲಿನಿಂದ ಬಂದದ್ದು. 1989ರಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳ ಎಂಜಿನಿಯರಿಂಗ್ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ನೀವು ಮಾನ್ಯ ಮಾಡಿದ ಪದವಿಯನ್ನು ನಾವೂ ಸಮಾನವೆಂದು ಒಪ್ಪುತ್ತೇವೆ, ನಮ್ಮದನ್ನು ನೀವು ಒಪ್ಪಿ ಎಂಬುದು ಅದರ ತಿರುಳು. ಭಾರತದ ಪರವಾಗಿ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, 2014ರ ಜೂನ್‌ನಲ್ಲಿ ಅದರ ಪೂರ್ಣ ಸದಸ್ಯತ್ವ ಪಡೆಯಿತು. ಕಾಲೇಜಿನಲ್ಲಿ ಎಷ್ಟು ಕೊಠಡಿ, ಎಷ್ಟು ಕಂಪ್ಯೂಟರ್ ಎಂದು ಎಣಿಸುವುದರ ಜೊತೆಗೆ, ಅಲ್ಲಿಂದ ಹೊರಬಂದವರಿಗೆ ಏನು ಬರುತ್ತದೆ ಎಂದು ನೋಡುವ ಕಾಲ ಶುರುವಾಯಿತು. ಬರಬೇಕಾದದ್ದನ್ನೆಲ್ಲ ಹನ್ನೆರಡು ಬಾಬತ್ತು ಮಾಡಿದರು: ಎಂಜಿನಿಯರಿಂಗ್ ಜ್ಞಾನ, ಸಮಸ್ಯೆಯ ವಿಶ್ಲೇಷಣೆ, ವಿನ್ಯಾಸ, ಆಧುನಿಕ ಸಲಕರಣೆಯ ಬಳಕೆ, ಸಮಾಜ, ಪರಿಸರ, ನೀತಿ, ತಂಡದ ಕೆಲಸ, ಸಂವಹನ, ಹೀಗೆ. ಈಚೆಗೆ ಸಮಾಜ ಮತ್ತು ಪರಿಸರವನ್ನು ಒಂದು ಮಾಡಿ ಹನ್ನೊಂದಕ್ಕೆ ಇಳಿಸಿದ್ದಾರೆ. ಕಾಲೇಜಿನವರ ಬಾಯಲ್ಲಿ ಇವು 'ಪಿಓ'ಗಳು, ಅಂದರೆ ಪ್ರೋಗ್ರಾಂ ಔಟ್‌ಕಮ್‌ಗಳು. ಮಾನ್ಯತೆಯ ತಂಡ ಬರುವ ವರ್ಷ ಅಧ್ಯಾಪಕರು ಪಾಠಕ್ಕಿಂತ ಹೆಚ್ಚು ಹೊತ್ತು ಪಿಓ ಕೋಷ್ಟಕದ ಮುಂದೆ ಕೂತಿರುತ್ತಾರೆ ಎಂದು ಅವರೇ ನಗುತ್ತ ಹೇಳುತ್ತಾರೆ. ಪೂರ್ತಿ ನಗುವಲ್ಲ ಅದು.

ಒಂದೊಂದು ಪಿಓ ಎಷ್ಟು ಸಾಧಿಸಿದ್ದೇವೆ ಎಂದು ಮೂರರ ಅಳತೆಯಲ್ಲಿ ತೋರಿಸಬೇಕು. ಅಂಕಪಟ್ಟಿಯಿಂದ ಬರುವುದು ನೇರ ಲೆಕ್ಕ. ಸರ್ವೆಯಿಂದ ಬರುವುದು ಪರೋಕ್ಷ ಲೆಕ್ಕ. ಬಹಳ ಕಡೆ ಇವೆರಡನ್ನು 80ಕ್ಕೆ 20ರಂತೆ ಕೂಡುತ್ತಾರೆ. ಒಂದು ಪಿಓಗೆ ಪರೀಕ್ಷೆ, ಲ್ಯಾಬ್, ಪ್ರಾಜೆಕ್ಟಿನಿಂದ 2.1 ಬಂತು, ಸರ್ವೆಯಿಂದ, ಐದರ ಅಂಕಿಯನ್ನು ಮೂರಕ್ಕೆ ಇಳಿಸಿದ ಮೇಲೆ, 2.7 ಬಂತು ಎನ್ನಿ. ಮೊದಲಿನದರ ಶೇ 80 ಎಂದರೆ 1.68, ಎರಡನೆಯದರ ಶೇ 20 ಎಂದರೆ 0.54, ಕೂಡಿದರೆ 2.22. ಮರುವರ್ಷ ಸಿಟ್ಟಿಗೆದ್ದ ಬ್ಯಾಚೊಂದು ಸರ್ವೆಯಲ್ಲಿ 1.7 ಮಾತ್ರ ಕೊಟ್ಟಿತು. ಆಗ ಒಟ್ಟು 2.02. ನಾಲ್ಕು ವರ್ಷದ ಸಿಟ್ಟೆಲ್ಲ 0.2ಕ್ಕೆ ಇಳಿಯಿತು. ಆ ಶೇ 20ರೊಳಗೂ ಹಳೆಯ ವಿದ್ಯಾರ್ಥಿಗಳ ಸರ್ವೆ, ಕೆಲಸ ಕೊಟ್ಟ ಕಂಪನಿಗಳ ಸರ್ವೆ ಪಾಲು ಕೇಳುತ್ತವೆ.

ಅಂಕಿಯಾಗಿ ನೋಡಿದರೆ ಹೊರಡುವವರ ಮಾತಿಗೆ ಇಷ್ಟೇ ಕಿಮ್ಮತ್ತು. ಹೀಗಿದ್ದೂ ಕೆಲವು ಕಡೆ ಆ ಅಂಕಿಗೆ ಹೊಳಪು ಕೊಡುವ ಕೆಲಸ ನಡೆಯುತ್ತದೆ. 'ಎಲ್ಲಾರೂ ನಾಕು ಇಲ್ಲಾ ಐದು ಕೊಡ್ರಿ, ಕಾಲೇಜಿನ ಮರ್ಯಾದಿ ನಿಮ್ಮ ಕೈಯಾಗೈತಿ' ಎಂದು ಮೊದಲೇ ಹೇಳಿಕೊಡುತ್ತಾರೆ. 0.2ಕ್ಕಾಗಿ ಇಡೀ ಬ್ಯಾಚಿನ ಬಾಯಿ ಕಟ್ಟುವುದು ದಂಡದ ಬಾಬತ್ತು.

ಇನ್ನೊಂದು ಕಡೆ ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ಇದೆ. 1994ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿದ ಈ ಸಂಸ್ಥೆ 2017ರ ಹೊಸ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ತಂದಿತು. ಕಾಲೇಜನ್ನು ನಡುವೆ ಇಟ್ಟುಕೊಳ್ಳದೆ ವಿದ್ಯಾರ್ಥಿಗಳ ಇಮೇಲಿಗೇ ಪ್ರಶ್ನೆ ಕಳಿಸುವ ಕ್ರಮ ಅದು. ಗುರುತು ಹಾಕುವ ಇಪ್ಪತ್ತು ಪ್ರಶ್ನೆ, ಕೊನೆಗೆ ಮೂರು ಸಲಹೆ ಬರೆಯಿರಿ ಎಂಬ ಒಂದು ಪ್ರಶ್ನೆ. ನೇರವಾಗಿ ಕೇಳುವುದು ಒಳ್ಳೆಯದೇ. ಆದರೆ ಆ ಸಲಹೆಗಳು ಗ್ರೇಡಿನೊಳಗೆ ಕರಗಿ ಹೋದರೆ ಮುಂದಿನ ಬ್ಯಾಚಿನ ಲ್ಯಾಬಿನಲ್ಲಿ ಏನು ಬದಲಾದ ಹಾಗಾಯಿತು?

ತೀರ್ಪಲ್ಲ, ಸಾಕ್ಷಿ

ವಿದ್ಯಾರ್ಥಿಗಳಿಂದ ಅಂಕ ಹಾಕಿಸುವುದು ಹೊಸ ಪದ್ಧತಿಯೇನಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಮನ್ ರೆಮರ್ಸ್ ಎಂಬ ಮನೋವಿಜ್ಞಾನಿ 1920ರ ದಶಕದಲ್ಲೇ ಇದಕ್ಕೊಂದು ಮಾನಕ ಮಾಡಿದ್ದ. ಅದರ ಮೇಲಿನ ಅನುಮಾನಗಳಿಗೂ ವಯಸ್ಸಾಗಿದೆ. 1970ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಬ್ಬ ನಟನಿಗೆ ಡಾ. ಫಾಕ್ಸ್ ಎಂಬ ವೇಷ ಹಾಕಿಸಿ, ತಿರುಳಿಲ್ಲದ ಉಪನ್ಯಾಸವೊಂದನ್ನು ಲವಲವಿಕೆಯಿಂದ ಮಾಡಿಸಿದರು. ಕೇಳಿದವರು ಓದು ಬಲ್ಲ ವೃತ್ತಿಪರರೇ. ಹೆಚ್ಚಿನವರು ಮೆಚ್ಚಿ ಅಂಕ ಕೊಟ್ಟರು. 2016ರಲ್ಲಿ ಪ್ರಕಟವಾದ, ಫ್ರಾನ್ಸ್ ಮತ್ತು ಅಮೆರಿಕದ ತರಗತಿಗಳನ್ನು ನೋಡಿದ ಅಧ್ಯಯನವೊಂದು ಇಂಥ ಅಂಕಗಳಲ್ಲಿ ಅಧ್ಯಾಪಕಿಯರಿಗೆ ಅನ್ಯಾಯವಾಗುತ್ತದೆ ಎಂದು ತೋರಿಸಿತು. ಬ್ರಿಟನ್ನಿನಲ್ಲಿ 2005ರಿಂದ ಕೊನೆಯ ವರ್ಷದವರನ್ನೆಲ್ಲ ಕೇಳುವ ರಾಷ್ಟ್ರೀಯ ಸಮೀಕ್ಷೆ ನಡೆಯುತ್ತದೆ; ಅದರ ಮೇಲೂ ಜಗಳ ತಪ್ಪಿಲ್ಲ, ಬಹಿಷ್ಕಾರವೂ ಆಗಿದೆ.

ಇದನ್ನೆಲ್ಲ ಓದಿ 'ಹುಡುಗರ ಮಾತಿಗೆ ಬೆಲೆ ಇಲ್ಲ' ಎಂದು ಕೈತೊಳೆದುಕೊಳ್ಳುವವರಿದ್ದಾರೆ. ನನ್ನ ವಾದ ಬೇರೆ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕರೆದು ತೀರ್ಪು ಹೇಳು ಎಂದು ಯಾರೂ ಕೇಳುವುದಿಲ್ಲ, ಏನು ನೋಡಿದೆ ಎಂದು ಕೇಳುತ್ತಾರೆ. ನಮ್ಮ ಎಕ್ಸಿಟ್ ಸರ್ವೆ ಮಾಡುತ್ತಿರುವುದು ಇದರ ತಿರುವುಮುರುವು. 'ಸಂಕೀರ್ಣ ಎಂಜಿನಿಯರಿಂಗ್ ಸಮಸ್ಯೆಗಳನ್ನು ವಿಶ್ಲೇಷಿಸುವ ಸಾಮರ್ಥ್ಯ ನಿಮಗೆ ಬಂದಿದೆಯೇ?' ಎಂದು ಇಪ್ಪತ್ತೆರಡರ ಹುಡುಗಿಯನ್ನು ಕೇಳಿದರೆ ಅವಳೇನು ಹೇಳಬೇಕು? ಅಂಥ ಸಮಸ್ಯೆ ಇನ್ನೂ ಅವಳ ಎದುರಿಗೇ ಬಂದಿಲ್ಲ. ಸಾಮರ್ಥ್ಯ ಬಂದಿಲ್ಲ ಎಂದರೆ ತನ್ನನ್ನೇ ಕೀಳು ಮಾಡಿಕೊಂಡ ಹಾಗೆ, ಬಂದಿದೆ ಎಂದರೆ ಸುಳ್ಳು. ನಾಲ್ಕು ಒತ್ತಿ ಮುಂದೆ ಹೋಗುತ್ತಾಳೆ.

ಅದೇ ಹುಡುಗಿ ಕಣ್ಣಾರೆ ಕಂಡದ್ದು ಬೇಕಾದಷ್ಟಿದೆ. ವರ್ಕ್‌ಶಾಪಿನ ಒಂದು ಮಧ್ಯಾಹ್ನವನ್ನು ತೆಗೆದುಕೊಳ್ಳಿ. ಒಂದು ಲೇಥಿನ ಸುತ್ತ ಹದಿನೈದು ಜನ. ಚಕ್ ಬಿಗಿದು ಟೂಲ್ ಕೂರಿಸಿ ಕಬ್ಬಿಣ ತಿರುಗಿಸುವವರು ಇಬ್ಬರು. ಮೂರನೆಯವನು ವರ್ನಿಯರ್ ಹಿಡಿದಿರುತ್ತಾನೆ. ಉಳಿದವರು ಹಿಂದೆ ನಿಂತು ರೆಕಾರ್ಡ್ ಬರೆಯುತ್ತಾರೆ. ಬರೆಯುವ ರೀಡಿಂಗಾದರೂ ಇವತ್ತಿನದೇ ಎಂದುಕೊಳ್ಳಬೇಡಿ. ಸೀನಿಯರ್ ಕೊಟ್ಟುಹೋದ ರೆಕಾರ್ಡು ಬೆಂಚಿನ ಕೆಳಗೆ ತೆರೆದಿರುತ್ತದೆ, ಆ ಸೀನಿಯರಿಗೆ ಅವನ ಸೀನಿಯರ್ ಕೊಟ್ಟದ್ದು. ಎಂದೋ ಒಂದು ದಿನ ಯಾರೋ ಒಬ್ಬ ಪುಣ್ಯಾತ್ಮ ನಿಜವಾಗಿ ಅಳೆದ ಅಂಕಿ ಹತ್ತು ಬ್ಯಾಚು ದಾಟಿ ಬಂದಿರುತ್ತದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದವರು ಈ ಸಾಲಿಗೆ ನಗದೆ ಇರಲಾರರು. ಆಧುನಿಕ ಸಲಕರಣೆ ಬಳಸುವ ಸಾಮರ್ಥ್ಯ ಬಂದಿದೆಯೇ ಎಂಬ ಪ್ರಶ್ನೆಗೆ ಈ ಹದಿನೈದು ಮಂದಿಯೂ ನಾಲ್ಕು ಒತ್ತುತ್ತಾರೆ.

ಬದಲಿಗೆ ಹೀಗೆ ಕೇಳಿ ನೋಡಿ. ಲೇಥಿನ ಮೇಲೆ ನೀನೇ ಕೈಯಿಟ್ಟು ಮುಗಿಸಿದ ಜಾಬ್ ಎಷ್ಟು? ರೆಕಾರ್ಡಿನಲ್ಲಿ ಬರೆದ ರೀಡಿಂಗು ಯಾವ ಯಾವ ಪ್ರಯೋಗದಲ್ಲಿ ನಿನ್ನದು? ಸೆಮಿಸ್ಟರ್ ಪೂರ್ತಿ ಕೆಟ್ಟೇ ಇದ್ದ ಯಂತ್ರ ಯಾವುದು? ಪಠ್ಯದ ಐದನೇ ಮಾಡ್ಯೂಲನ್ನು ತರಗತಿಯಲ್ಲಿ ಯಾವ ವಿಷಯದಲ್ಲಿ ಮುಟ್ಟಲೇ ಇಲ್ಲ? ಪ್ರಾಜೆಕ್ಟ್ ನೀವೇ ಮಾಡಿದಿರೋ, ದುಡ್ಡು ಕೊಟ್ಟು ತಂದಿರೋ? (ಪ್ರಾಜೆಕ್ಟ್ ಮಾರುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಬೋರ್ಡು ಹಾಕಿಕೊಂಡೇ ಕೂತಿವೆ, ಇದೇನು ಗುಟ್ಟಲ್ಲ.) ಪದವಿಗೆ ಬೇಕಾದ 100 ಆ್ಯಕ್ಟಿವಿಟಿ ಪಾಯಿಂಟುಗಳಲ್ಲಿ ನಿಜವಾಗಿ ಹಳ್ಳಿಗೆ ಹೋಗಿ ಗಳಿಸಿದ್ದೆಷ್ಟು, ಫೋಟೊ ತೆಗೆಸಿಕೊಂಡು ಗಳಿಸಿದ್ದೆಷ್ಟು? ಸಂಜೆ ಲ್ಯಾಬ್ ತೆರೆದಿದ್ದರೂ ಊರಿನ ಕೊನೆಯ ಬಸ್ಸಿಗಾಗಿ ಎದ್ದು ಬಂದದ್ದುಂಟೇ? ಹುಡುಗಿಯರ ಹಾಸ್ಟೆಲ್ಲಿನ ಬಾಗಿಲು ಹಾಕುವ ಹೊತ್ತಿಗೂ ಗ್ರಂಥಾಲಯ ಮುಚ್ಚುವ ಹೊತ್ತಿಗೂ ಎಷ್ಟು ಅಂತರ?

ಇವಕ್ಕೆಲ್ಲ ಉತ್ತರ ಹೇಳಲು ಜಾಣತನ ಬೇಡ, ಅಲ್ಲಿದ್ದರೆ ಸಾಕು. ಇವನ್ನು ಹೇಳಬಲ್ಲವರೂ ಅವರಷ್ಟೇ. ಯಂತ್ರ ಕೆಟ್ಟಿದೆ ಎಂಬುದು ಸ್ಟಾಕ್ ರಿಜಿಸ್ಟರಿನಲ್ಲಿ ಇರಲಿಕ್ಕಿಲ್ಲ. ಅದರ ಮುಂದೆ ನಾಲ್ಕು ತಿಂಗಳು ನಿಂತವರಿಗೆ ಗೊತ್ತು. ಪಠ್ಯಕ್ರಮ ಜಗತ್ತಿನ ಮಟ್ಟಕ್ಕಿದೆಯೇ ಎಂದು ಅವರನ್ನು ಕೇಳುವುದು ಬೇಡ. ಐದು ವರ್ಷ ಕೆಲಸ ಮಾಡಿ ಬರಲಿ, ಆಗ ಕೇಳೋಣ.

ಹೋದ ಮೇಲೆ ಬರುವ ಮಾತು

ಎಕ್ಸಿಟ್ ಸರ್ವೆಗೆ ಇನ್ನೊಂದು ಗ್ರಹಚಾರವಿದೆ, ಅದರ ತಿಥಿ. ವಿಟಿಯು ಪಠ್ಯಕ್ರಮವನ್ನು 'ಸ್ಕೀಮ್' ಎನ್ನುತ್ತಾರೆ. 2015ರದೊಂದು, 2017ರದೊಂದು, 2018ರದು, 2021ರದು, 2022ರದು, ಈಗ 2025ರದು. 2021ರಲ್ಲಿ ಸೇರಿದವರು 2021ರ ಸ್ಕೀಮಿನಲ್ಲಿ ಓದಿ 2025ರಲ್ಲಿ ಹೊರಬಿದ್ದರು. ಅವರು ಫಾರ್ಮ್ ತುಂಬುವಾಗ ಕೆಳಗಿನ ತರಗತಿಗಳಲ್ಲಿ 2022ರ ಸ್ಕೀಮ್ ನಡೆದಿತ್ತು, ಆ ವರ್ಷವೇ ಸೇರುವವರಿಗೆ ಇನ್ನೊಂದು ಸ್ಕೀಮ್ ಸಿದ್ಧವಾಗಿತ್ತು. ಎರಡನೇ ಸೆಮಿಸ್ಟರಿನ ಗಣಿತ ಕಬ್ಬಿಣದ ಕಡಲೆಯಾಗಿತ್ತು ಎಂದು ಅವರು ಹೇಳುವ ಹೊತ್ತಿಗೆ ಆ ಗಣಿತವೇ ಅಲ್ಲಿರಲಿಲ್ಲ. ಹಾಗಾಗಿ ಪಠ್ಯದ ಮಾತನ್ನು ಆಯಾ ಸೆಮಿಸ್ಟರಿನ ನಡುವೆಯೇ ಕೇಳಬೇಕು. ಕೊನೆಯ ವಾರಕ್ಕೆ ಉಳಿಸಬೇಕಾದದ್ದು ಸ್ಕೀಮ್ ಬದಲಾದರೂ ಬದಲಾಗದ ಸಂಗತಿಗಳು: ಲ್ಯಾಬು, ಪ್ರಾಜೆಕ್ಟು, ಇಂಟರ್ನ್‌ಶಿಪ್ಪು, ಹಾಸ್ಟೆಲ್ಲು, ಕಲಿಸುವ ಕ್ರಮ.

'ನಮ್ಮ ಕೈಯಾಗ ಏನೈತ್ರಿ, ಸಿಲೆಬಸ್ ಬೆಳಗಾವಿಯಿಂದ ಬರ್ತೈತಿ' ಎಂಬ ಮಾತನ್ನು ಸಂಯೋಜಿತ ಕಾಲೇಜುಗಳು ಆಡಬಹುದು. ಸ್ವಾಯತ್ತ ಕಾಲೇಜು ಆಡಬಾರದು. ಅಲ್ಲಿ ಪಠ್ಯ ತಿದ್ದುವ ಅಧ್ಯಯನ ಮಂಡಳಿ ಕಾಲೇಜಿನೊಳಗೇ ಇದೆ. ಯುಜಿಸಿ ನಿಯಮದ ಪ್ರಕಾರ ಅದರಲ್ಲಿ ಉದ್ಯಮದ ಒಬ್ಬ ಪ್ರತಿನಿಧಿಯೂ ಹಳೆಯ ವಿದ್ಯಾರ್ಥಿಯೊಬ್ಬರೂ ಇರಬೇಕು. ಹೊರಟವರು ಬರೆದ ಸಲಹೆಗಳನ್ನು ಆ ಮೇಜಿನ ಮೇಲೆ ಇಡಲು ಯಾರ ಅಪ್ಪಣೆಯೂ ಬೇಕಿಲ್ಲ. ನೋ ಡ್ಯೂಸ್ ಮೆಟ್ಟಿಲಿನಿಂದ ಅಧ್ಯಯನ ಮಂಡಳಿಯ ಕೊಠಡಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದರೂ ನೂರು ದಾಟಲಿಕ್ಕಿಲ್ಲ.

ಆದರೆ ಅಲ್ಲಿಗೆ ತಲುಪುವ ಮಾತು ನಿಜವಾಗಿರಬೇಕಾದರೆ ಭಯ ಇರಬಾರದು. ಫಾರ್ಮಿನ ಮೊದಲ ಕಾಲಂ ಯುಎಸ್‌ಎನ್ ಕೇಳುತ್ತದೆ. ವಿಟಿಯು ಮಕ್ಕಳಿಗೆ ಈ ಹತ್ತು ಅಕ್ಷರದ ಸಂಖ್ಯೆಯೇ ಜಾತಕ. ಮೊದಲ ಅಂಕಿ ವಲಯದ್ದು, ಬೆಳಗಾವಿಗೆ 2. ಮುಂದಿನ ಎರಡು ಅಕ್ಷರ ಕಾಲೇಜು, ಆಮೇಲೆ ಸೇರಿದ ವರ್ಷ, ಆಮೇಲೆ ಬ್ರಾಂಚು, ಕಡೆಗೆ ಕ್ರಮಸಂಖ್ಯೆ. ಅದನ್ನು ಬರೆದ ಮೇಲೆ 'ನಿಮ್ಮ ಅಭಿಪ್ರಾಯ ಗೌಪ್ಯ' ಎಂಬ ಸಾಲಿಗೆ ಏನರ್ಥ? ಯುಎಸ್‌ಎನ್ ಕೇಳದಿದ್ದರೂ ಇಮೇಲ್ ದಾಖಲಾಗುತ್ತದೆ. ಮೂವತ್ತು ಜನರ ಬ್ರಾಂಚಿನಲ್ಲಿ ಹೆಸರು ಬೇಡ, ಧಾಟಿ ನೋಡಿಯೇ ಯಾರದೆಂದು ಹೇಳಬಲ್ಲ ಅಧ್ಯಾಪಕರಿರುತ್ತಾರೆ. ಶಿಫಾರಸು ಪತ್ರ ಬೇಕು, ಟ್ರಾನ್ಸ್‌ಕ್ರಿಪ್ಟ್ ಬೇಕು, ತಮ್ಮನೋ ತಂಗಿಯೋ ಅದೇ ಕಾಲೇಜಿನ ಎರಡನೇ ವರ್ಷದಲ್ಲಿದ್ದಾರೆ. ಇಂಥವರು ಬಾಯಿ ಬಿಡುತ್ತಾರೆ ಎಂದು ನಂಬುವುದು ಹೇಗೆ? ಎಲ್ಲ ಸಹಿ ಮುಗಿದು ಟಿಸಿ ಕೈಗೆ ಬಂದ ಮೇಲೆ, ಬೇರೆ ವಿಭಾಗದವರ ಕೈಯಿಂದ, ಗುರುತು ಕೇಳದ ಫಾರ್ಮ್ ಕೊಡಲಿ. ತುಂಬುವವರು ಅರ್ಧಕ್ಕೆ ಇಳಿಯಬಹುದು. ಎಲ್ಲರೂ ಒತ್ತಿದ ನಾಲ್ಕಕ್ಕಿಂತ ಅರ್ಧ ಜನ ಬರೆದ ನಿಜ ಮೇಲು.

ಇನ್ನು ಭಾಷೆ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಕೊಟ್ಟು ಹಳ್ಳಿಯ ಮಕ್ಕಳನ್ನು ಒಳಗೆ ಕರೆಯುತ್ತೇವೆ. ಒಳಗೆ ಬಂದವರಿಗೆ ವಿಟಿಯು 'ಸಾಂಸ್ಕೃತಿಕ ಕನ್ನಡ' ಎಂಬ ವಿಷಯ ಇಟ್ಟಿದೆ, ಕನ್ನಡ ಬಾರದವರಿಗೆ 'ಬಳಕೆ ಕನ್ನಡ'. ಕನ್ನಡದಲ್ಲಿ ಪರೀಕ್ಷೆ ಮಾಡುತ್ತೇವೆ, ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ಇಂಗ್ಲಿಷಿನಲ್ಲಿ ಕೇಳುತ್ತೇವೆ! ಆ ಕೊನೆಯ ಚೌಕದಲ್ಲಿ 'ಗುಡ್' ಎಂದಷ್ಟೇ ಬರುವುದಕ್ಕೆ ಅರ್ಧ ಕಾರಣ ಇದು. ವ್ಯಾಕರಣ ತಪ್ಪೀತು ಎಂಬ ಅಂಜಿಕೆಯಲ್ಲಿ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅದೇ ಹುಡುಗನ ಕೈಗೆ ಕನ್ನಡದ ಕೀಲಿಮಣೆ ಕೊಟ್ಟರೆ 'ಮಷಿನ್ ಮುಟ್ಟಾಕ ಬಿಡಲಿಲ್ರಿ, ಕೆಟ್ಟರ ಯಾರು ಜವಾಬ್ದಾರಿ ಅಂತ ಬೀಗ ಹಾಕಿದ್ರು' ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಾನೆ. ಆ ಒಂದು ಸಾಲಿನಲ್ಲಿ ಮೂರು ಪಿಓಗಳ ಉತ್ತರ ಇದೆ. ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಕಲಿಸುವ ಮಾತು ಬೇರೆ. 2021ರಲ್ಲಿ ರಾಜ್ಯದ ಕೆಲವು ಕಾಲೇಜುಗಳಿಗೆ ಅದಕ್ಕೆ ಅನುಮತಿ ಸಿಕ್ಕರೂ ಬೇಡಿಕೆ ಬರಲಿಲ್ಲ. ನೌಕರಿಯ ಚಿಂತೆ ಜನರಿಗೆ ಇದ್ದೇ ಇದೆ, ಅದನ್ನು ಹಳಿಯಲಾರೆ. ಅಭಿಪ್ರಾಯ ಬರೆಯಲು ಕನ್ನಡ ಕೊಟ್ಟರೆ ಯಾರ ನೌಕರಿಯೂ ಹೋಗುವುದಿಲ್ಲ.

ನಮ್ಮ ಜಿಲ್ಲೆಯ ಪ್ರಶ್ನೆ

ಹೊಸ ಹನ್ನೊಂದು ಪಿಓಗಳಲ್ಲಿ ಒಂದು 'ಎಂಜಿನಿಯರ್ ಮತ್ತು ಜಗತ್ತು'. ತಾನು ಕಟ್ಟುವುದು ಸಮಾಜಕ್ಕೆ, ಪರಿಸರಕ್ಕೆ ಏನು ಮಾಡುತ್ತದೆ ಎಂದು ಎಂಜಿನಿಯರಿಗೆ ತಿಳಿದಿರಬೇಕು ಎಂಬುದು ಅದರ ಆಶಯ. ಬಾಗಲಕೋಟೆಯ ಮಕ್ಕಳಿಗೆ ಈ ಪಾಠಕ್ಕೆ ಪುಸ್ತಕ ಬೇಕೇ? ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿ ಓಣಿಗಳು ಮುಳುಗಿವೆ. ಇಲ್ಲಿ 'ಮುಳುಗಡೆ' ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು, ನವನಗರ ಹುಟ್ಟಿದ್ದೇ ಅದರಿಂದ. ಜಲಾಶಯದ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಊರು ಏಳಬೇಕು. ಸಿವಿಲ್ ಓದುವ ಹುಡುಗನಿಗೆ ಅದು ಸಮೀಕರಣದೊಳಗಿನ ಅಂಕಿಯಲ್ಲ, ಸೋದರಮಾವನ ಹೊಲ.

ಹುನಗುಂದ ತಾಲ್ಲೂಕಿನ ರಾಮಥಾಳ–ಮರೋಳ ಹನಿ ನೀರಾವರಿ ಯೋಜನೆಯನ್ನು ನೋಡಿ. 24,000 ಹೆಕ್ಟೇರಿಗೆ ಕೃಷ್ಣೆಯ ನೀರನ್ನು ಕೊಳವೆಯಲ್ಲಿ ಒಯ್ದು ಹೊಲದ ಗಿಡದ ಬುಡಕ್ಕೆ ಹನಿಸುವ ಯೋಜನೆ. ಕೃಷ್ಣಾ ಭಾಗ್ಯ ಜಲ ನಿಗಮ ಕೈಗೆತ್ತಿಕೊಂಡ ಇದನ್ನು ಏಷ್ಯಾದಲ್ಲೇ ದೊಡ್ಡದೆಂದು ಕೊಂಡಾಡಿದರು. ಪಂಪು, ಕೊಳವೆ, ಫಿಲ್ಟರು, ಕವಾಟ ಎಲ್ಲವೂ ಎಂಜಿನಿಯರಿಂಗಿನ ಅಚ್ಚುಕಟ್ಟು. ಆಮೇಲೆ ಹಲವು ಹೊಲಗಳಲ್ಲಿ ಲ್ಯಾಟರಲ್ ಕೊಳವೆ ಕೆಲಸಕ್ಕೆ ಬರುತ್ತಿಲ್ಲ, ನೀರು ಹೊತ್ತಿಗೆ ಸಿಗುತ್ತಿಲ್ಲ ಎಂಬ ರೈತರ ದೂರುಗಳು ಎದ್ದವು. ಹಾಕಿದ ಮೇಲೆ ಬಳಸುವವರನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಹೊಲಗಳಿಗಿಂತ ಹತ್ತಿರದ ಪ್ರಯೋಗಶಾಲೆ ಇಲ್ಲಿನ ಮಕ್ಕಳಿಗೆ ಸಿಗದು. ಇಳಕಲ್ಲಿನ ಕ್ವಾರಿಯ ಕಲ್ಲುಪುಡಿ, ಇಳಕಲ್ ಸೀರೆಯ ಮಗ್ಗ, ಗುಳೇದಗುಡ್ಡದ ಖಣದ ಮಗ್ಗ, ಬಾದಾಮಿಯ ಬಂಡೆಗಳ ನಡುವೆ ಚಾಲುಕ್ಯರ ಕಾಲದಿಂದ ನೀರು ಹಿಡಿದಿರುವ ಅಗಸ್ತ್ಯ ತೀರ್ಥದ ಕೆರೆ, ಒಂದೊಂದೂ ಒಂದು ಪ್ರಾಜೆಕ್ಟು.

ಹಾಗಾಗಿ ಇಲ್ಲಿನ ಎಕ್ಸಿಟ್ ಸರ್ವೆಯಲ್ಲಿ ಸಮಾಜದ ಬಗ್ಗೆ ನಿಮ್ಮ ಅರಿವು ಐದಕ್ಕೆ ಎಷ್ಟು ಎಂದು ಕೇಳಬೇಕಿಲ್ಲ. ನಾಲ್ಕು ವರ್ಷದಲ್ಲಿ ಈ ಜಿಲ್ಲೆಯ ಯಾವ ಒಂದು ಸಮಸ್ಯೆಯ ಮೇಲೆ ಕೆಲಸ ಮಾಡಿದಿರಿ, ಅದರ ಹೆಸರು ಬರೆಯಿರಿ ಎಂದರೆ ಸಾಕು. ಖಾಲಿ ಉಳಿದ ಚೌಕಗಳನ್ನು ಎಣಿಸಿದರೆ ಪಿಓ ತಾನಾಗಿ ಗೊತ್ತಾಗುತ್ತದೆ.

ಅಧ್ಯಾಪಕರ ಕಡೆಯ ಕಷ್ಟವನ್ನೂ ಹೇಳಬೇಕು. ಬಂದ ಸಲಹೆಗಳಲ್ಲಿ ಅರ್ಧ ಪ್ಲೇಸ್‌ಮೆಂಟಿನ ಸುತ್ತಲೇ ಇರುತ್ತವೆ. ಮೆಕ್ಯಾನಿಕಲ್, ಸಿವಿಲ್ ಓದಿದವರೂ ಸಾಫ್ಟ್‌ವೇರ್ ಕಂಪನಿಯ ಬಾಗಿಲಲ್ಲೇ ನಿಂತಿರುವಾಗ 'ಕೋಡಿಂಗ್ ಹೆಚ್ಚು ಕಲಿಸಿ' ಎಂಬ ಸಲಹೆ ಎಲ್ಲ ಬ್ರಾಂಚಿನಿಂದಲೂ ಬರುತ್ತದೆ. ಅದನ್ನೇ ಪಾಲಿಸಿದರೆ ಮೆಕ್ಯಾನಿಕಲ್ ವಿಭಾಗ ಏಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ. ಎಲ್ಲ ಸಲಹೆಯನ್ನೂ ಒಪ್ಪಬೇಕೆಂದು ಯಾರೂ ಹೇಳುತ್ತಿಲ್ಲ. ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ತಿಳಿಸಿದರಾಯಿತು. ಇಲ್ಲಿಯ ತನಕ ಹುಡುಗರಿಗೆ ಕಂಡಿರುವುದು ಕೇಳುವ ಲಿಂಕು ಮಾತ್ರ, ಉತ್ತರದ ಲಿಂಕು ಯಾರ ಗುಂಪಿಗೂ ಬಿದ್ದಂತಿಲ್ಲ. ಉತ್ತರ ಬಾರದ ಕಾಗದಕ್ಕೆ ಎರಡನೇ ಸಲ ಯಾರು ಮನಸ್ಸಿಟ್ಟು ಬರೆಯುತ್ತಾರೆ?

ಈ ವರ್ಷ ಹೊರಡುವವರಲ್ಲಿ ಒಂದು ವಿನಂತಿ. ಅಂಕಿಗಳನ್ನು ಬೇಕಾದರೆ ನಿಮ್ಮಿಷ್ಟದಂತೆ ಒತ್ತಿ. ಕೊನೆಯ ಚೌಕವನ್ನು ಮಾತ್ರ 'ನಿಲ್' ಎಂದು ಬಿಡಬೇಡಿ. ಯಾರ ಹೆಸರೂ ಬೇಡ, ಬೈಗುಳವೂ ಬೇಡ. ಯಾವ ಲ್ಯಾಬು, ಯಾವ ಯಂತ್ರ, ಯಾವ ಸೆಮಿಸ್ಟರು, ಏನಾಯಿತು ಎಂದು ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಚೆನ್ನಾಗಿ ಕಲಿಸಿದವರು ಏನು ಮಾಡಿದ್ದರಿಂದ ಚೆನ್ನಾಯಿತು ಎಂಬುದನ್ನೂ ಬರೆಯಿರಿ, ಅದೂ ಸಾಕ್ಷಿಯೇ. ಪ್ರಾಚಾರ್ಯರಲ್ಲಿ ಕೇಳುವುದು ಒಂದು ಪುಟ: ಹೋದ ಬ್ಯಾಚು ಹೇಳಿದ್ದರಲ್ಲಿ ಇವನ್ನು ಮಾಡಿದೆವು, ಇವನ್ನು ಮಾಡಲಾಗಲಿಲ್ಲ, ಕಾರಣ ಇದು ಎಂದು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲಿ. ಮತ್ತು ಬೇವೂರಿನಲ್ಲೋ ಇಳಕಲ್ಲಿನಲ್ಲೋ ಸಿಇಟಿ ರ‍್ಯಾಂಕ್ ಹಿಡಿದು ಕೂತಿರುವ ಮಕ್ಕಳ ತಂದೆತಾಯಿಗಳೇ, ಆಪ್ಷನ್ ಎಂಟ್ರಿಗೆ ಮೊದಲು ಕಾಲೇಜಿಗೆ ಒಮ್ಮೆ ಹೋಗಿಬನ್ನಿ. ಫ್ಲೆಕ್ಸಿನ ಮುಂದೆ ನಿಲ್ಲಬೇಡಿ, ಒಳಗೆ ಹೋಗಿ ಆ ಪುಟ ಎಲ್ಲಿದೆ ತೋರಿಸಿ ಎಂದು ಕೇಳಿ.